ನಿಂತ ಜಾಗವೇ ಅರ್ಧ ಚಿತ್ರ: ನಿಸರ್ಗ ಫೋಟೊಗಳ ಕಂಪೋಸಿಷನ್ ಸುಧಾರಿಸುವ ಬಗೆ

ಕಣ್ಣ ಮುಂದೆ ಬೆಟ್ಟಸಾಲು ಆಕಾಶ ಮುಟ್ಟುವಂತೆ ನಿಂತಿರುತ್ತದೆ. ಫೋಟೊ ತೆಗೆದು ನೋಡಿದರೆ ಅದೇ ಬೆಟ್ಟ ನಡುವೆ ಒಂದು ಸಣ್ಣ ಉಬ್ಬು, ಮೇಲೆ ಬೋಳು ಆಕಾಶ, ಕೆಳಗೆ ಯಾಕಿದೆಯೋ ಗೊತ್ತಾಗದ ಹುಲ್ಲು. ಇದಕ್ಕೆ ಕ್ಯಾಮೆರಾವನ್ನು ದೂರಿ ಫಲವಿಲ್ಲ. ನಾವು ನೋಡುವಾಗ ಮನಸ್ಸು ಬೇಕಾದ್ದನ್ನು ಹೆಕ್ಕಿ ದೊಡ್ಡದು ಮಾಡಿಕೊಳ್ಳುತ್ತದೆ, ಬೇಡದ ಕಂಬ, ತಂತಿ, ಒಣ ಕೊಂಬೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಕಣ್ಣುಗಳಿರುವುದರಿಂದ ಆಳವೂ ತಾನಾಗಿಯೇ ತಿಳಿಯುತ್ತದೆ. ಲೆನ್ಸಿಗಿರುವುದು ಒಂದೇ ಕಣ್ಣು, ಅದಕ್ಕೆ ಹೆಕ್ಕುವ ಗುಣವೂ ಇಲ್ಲ. ಮನಸ್ಸು ಮಾಡುತ್ತಿದ್ದ ಆ ಕೆಲಸವನ್ನು ಕಾಲಿನಿಂದ, ಮೊಣಕಾಲಿನಿಂದ, ಕೊನೆಗೆ ಲೆನ್ಸಿನಿಂದ ಮಾಡುವುದಕ್ಕೇ ಕಂಪೋಸಿಷನ್ ಎನ್ನುತ್ತಾರೆ. ಕೆಳಗಿನ ಹಂತಗಳನ್ನೂ ಅದೇ ಕ್ರಮದಲ್ಲಿ ಇಟ್ಟಿದೆ. ಹೆಚ್ಚಿನವರು ಲೆನ್ಸಿನಿಂದ ಶುರುಮಾಡುತ್ತಾರೆ, ಎಡವುವುದೂ ಅಲ್ಲಿಯೇ.

ಚೀಲ ಬಿಚ್ಚುವ ಮುನ್ನ

ಸ್ಥಳ ತಲುಪಿದ ಕೂಡಲೇ ಟ್ರೈಪಾಡ್ ಬಿಡಿಸಬೇಡಿ. ಒಮ್ಮೆ ಅದರ ಮೂರು ಕಾಲು ನೆಲಕ್ಕೂರಿದರೆ ಯಾರೂ ಅಲ್ಲಿಂದ ಕದಲುವುದಿಲ್ಲ. ಹದಿನೈದು ನಿಮಿಷ ಕೈಬೀಸಿಕೊಂಡು ಸುತ್ತಾಡಿ. ಆ ಹೊತ್ತಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಏನು? ‘ನೋಟ ಚೆನ್ನಾಗಿದೆ’ ಎನ್ನುವುದು ಉತ್ತರವಾಗದು. ‘ಆ ಒಂಟಿ ಮರದ ಹಿಂದೆ ಮಂಜು ಇದೆ, ಆದ್ದರಿಂದ ಮರದ ಆಕಾರ ಬಿಡಿಸಿದಂತೆ ಕಾಣುತ್ತಿದೆ’ ಎನ್ನುವುದು ಉತ್ತರ. ಒಂದು ವಾಕ್ಯದಲ್ಲಿ ಇಷ್ಟು ಹೇಳಲು ಬಂದರೆ ಏನನ್ನು ಫ್ರೇಮಿನಲ್ಲಿ ಉಳಿಸಬೇಕು, ಏನನ್ನು ಬಿಡಬೇಕು ಎಂಬುದರಲ್ಲಿ ಮುಕ್ಕಾಲು ಪಾಲು ತೀರ್ಮಾನವಾಯಿತು.

ಸುತ್ತಾಡುವಾಗ ಕೈಯಲ್ಲಿ ಒಂದು ರಟ್ಟಿನ ಕಿಂಡಿ ಇದ್ದರೆ ಸಾಕು. ದಪ್ಪ ಕಪ್ಪು ರಟ್ಟಿನಲ್ಲಿ 10.8 ಸೆಂ.ಮೀ. ಅಗಲ, 7.2 ಸೆಂ.ಮೀ. ಎತ್ತರದ ಆಯತ ಕತ್ತರಿಸಿ. ಇದು ಫುಲ್ ಫ್ರೇಮ್ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ 36 × 24 ಮಿ.ಮೀ. ಫಲಕ) ಸರಿಯಾಗಿ ಮೂರು ಪಟ್ಟು. ಹಾಗಾಗಿ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ರಟ್ಟನ್ನು ಹಿಡಿದ ದೂರವನ್ನು ಮಿಲಿಮೀಟರಿನಲ್ಲಿ ಅಳೆದು ಮೂರರಿಂದ ಭಾಗಿಸಿದರೆ ಬೇಕಾದ ಫೋಕಲ್ ಲೆಂತ್ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ, ಚಿಕ್ಕದಾದಷ್ಟು ನೋಟ ಅಗಲ) ಸಿಗುತ್ತದೆ. 7 ಸೆಂ.ಮೀ. ದೂರದಲ್ಲಿ ಹಿಡಿದರೆ 24 ಮಿ.ಮೀ. ಲೆನ್ಸಿನ ನೋಟ, 15 ಸೆಂ.ಮೀ. ಆದರೆ 50, 30 ಸೆಂ.ಮೀ. ಆದರೆ 100, ಕೈ ಪೂರ್ತಿ ಚಾಚಿದರೆ ಹೆಚ್ಚುಕಡಿಮೆ 200. ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಇದ್ದವರು ಬಂದ ಸಂಖ್ಯೆಯನ್ನು ಮತ್ತೆ 1.5ರಿಂದ ಭಾಗಿಸಬೇಕು. ಫೋನಿನ ಪರದೆಯಲ್ಲೂ ಹೀಗೆ ನೋಡಬಹುದು. ಆದರೆ ಪರದೆ ಕೈಗೆ ಬಂದರೆ ಬೆರಳು ಬಟನ್ನಿನತ್ತಲೇ ಹೋಗುತ್ತದೆ. ರಟ್ಟಿಗೆ ಆ ಚಪಲವಿಲ್ಲ.

ಮೊದಲು ಜಾಗ, ಆಮೇಲೆ ಲೆನ್ಸ್

ಹತ್ತಿರದ ಮತ್ತು ದೂರದ ವಸ್ತುಗಳ ನಡುವಿನ ಗಾತ್ರದ ಅನುಪಾತವನ್ನು ನಿರ್ಧರಿಸುವುದು ನೀವು ನಿಂತ ಜಾಗ ಮಾತ್ರ. ಝೂಮ್ ತಿರುಗಿಸಿದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ ಅಥವಾ ಚಿಕ್ಕದಾಗುತ್ತದೆ, ಅನುಪಾತ ಹಾಗೆಯೇ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಿ. 20 ಮೀಟರ್ ದೂರದಲ್ಲಿ ಮರ, ಅದರ ಹಿಂದೆ 2 ಕಿಲೋಮೀಟರ್ ಆಚೆ ಗುಡ್ಡ. 24 ಮಿ.ಮೀ. ಲೆನ್ಸಿನಲ್ಲಿ ಮರ ಎದ್ದು ಕಾಣುತ್ತದೆ, ಗುಡ್ಡ ದಿಬ್ಬದಂತೆ ಕುಗ್ಗಿರುತ್ತದೆ. ಈಗ 80 ಮೀಟರ್ ಹಿಂದೆ ಹೋಗಿ. ಮರ 100 ಮೀಟರ್ ದೂರವಾಯಿತು, ಅಂದರೆ ಐದು ಪಟ್ಟು. ಗುಡ್ಡದ ದೂರ ಮಾತ್ರ 2 ಕಿ.ಮೀ. ಇದ್ದದ್ದು 2.08 ಕಿ.ಮೀ. ಆಯಿತು, ವ್ಯತ್ಯಾಸವೇ ಇಲ್ಲವೆನ್ನಬಹುದು. ಝೂಮನ್ನು 120ಕ್ಕೆ ತಿರುಗಿಸಿದರೆ ಮರ ಮೊದಲಿನಷ್ಟೇ ಗಾತ್ರ, ಹಿಂದಿನ ಗುಡ್ಡ ಮಾತ್ರ ಸುಮಾರು ಐದು ಪಟ್ಟು ಬೆಳೆದು ಮರದ ಬೆನ್ನಿಗೆ ಗೋಡೆಯಂತೆ ನಿಲ್ಲುತ್ತದೆ. ‘ಬೆಟ್ಟ ಚಿಕ್ಕದಾಗಿ ಬಂತು’ ಎಂಬ ದೂರಿಗೆ ಮದ್ದು ಇದು: ಹಿಂದೆ ನಡೆಯಿರಿ, ಝೂಮ್ ಮಾಡಿ.

ಕಲ್ಲು, ಹೂವು, ನೀರಿನ ಸುಳಿ ಇಂಥ ಹತ್ತಿರದ ವಸ್ತುವೇ ಮುಖ್ಯವಾಗಿದ್ದರೆ ಇದರ ತಿರುವು ಮುರುವು. 1 ಮೀಟರ್ ದೂರದ ಕಲ್ಲಿಗೆ ಅರ್ಧ ಮೀಟರ್ ಹತ್ತಿರ ಸರಿದರೆ ಕಲ್ಲು ಇಮ್ಮಡಿಯಾಗುತ್ತದೆ, ದೂರದ ಬೆಟ್ಟ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ವೈಡ್ ಆ್ಯಂಗಲ್ ಲೆನ್ಸಿನಿಂದ ದೂರದ ನೋಟವನ್ನು ‘ಪೂರ್ತಿ ಹಿಡಿಯಲು’ ಹೋದವರ ಫೋಟೊಗಳು ಖಾಲಿಯಾಗಿ ಕಾಣುವುದು ಈ ಕಾರಣಕ್ಕೆ. 16 ಮಿ.ಮೀ. ಲೆನ್ಸ್ ಅಡ್ಡಲಾಗಿ 97 ಡಿಗ್ರಿಯಷ್ಟು ನೋಡುತ್ತದೆ. ಆ ಅಗಲವನ್ನೆಲ್ಲ ತುಂಬಲು ಹತ್ತಿರದಲ್ಲಿ ಏನಾದರೂ ಗಟ್ಟಿಯಾದದ್ದು ಬೇಕೇ ಬೇಕು. ಇಲ್ಲದಿದ್ದರೆ 70–200 ಮಿ.ಮೀ. ಝೂಮ್ ಲೆನ್ಸ್ ಹಾಕಿಕೊಳ್ಳಿ. ನಿಸರ್ಗ ಫೋಟೊ ಎಂದರೆ ವೈಡ್ ಆ್ಯಂಗಲ್ ಎಂಬ ನಂಬಿಕೆ ಎಷ್ಟೋ ಒಳ್ಳೆಯ ಚಿತ್ರಗಳನ್ನು ಹುಟ್ಟುವ ಮೊದಲೇ ಕೊಂದಿದೆ.

ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು

ಎಡಬಲ ಸರಿಯುವುದು ಎಲ್ಲರಿಗೂ ಹೊಳೆಯುತ್ತದೆ, ಮೇಲೆ ಕೆಳಗೆ ಸರಿಯುವುದು ಹೊಳೆಯುವುದಿಲ್ಲ. ಟ್ರೈಪಾಡನ್ನು ಕಣ್ಣಿನ ಮಟ್ಟಕ್ಕೆ ಏರಿಸುವುದು ಬೆನ್ನಿಗೆ ಸುಖ, ಚಿತ್ರಕ್ಕೆ ಅದರಿಂದ ವಿಶೇಷ ಲಾಭವಿಲ್ಲ.

ಸಮತಟ್ಟು ನೆಲದಲ್ಲಿ ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದ್ದರೆ 10 ಮೀಟರ್ ದೂರದ ನೆಲ ದಿಗಂತಕ್ಕಿಂತ ಸುಮಾರು 8.5 ಡಿಗ್ರಿ ಕೆಳಗೆ ಕಾಣುತ್ತದೆ. ಅರ್ಧ ಮೀಟರಿಗೆ ಇಳಿಸಿದರೆ ಅದೇ ಜಾಗ 3 ಡಿಗ್ರಿಗೂ ಕಡಿಮೆ ಕೆಳಗೆ. ಅಂದರೆ 10 ಮೀಟರಿನಾಚೆಯ ಇಡೀ ನೆಲ ಮೂರನೇ ಒಂದು ಭಾಗಕ್ಕೆ ಮಡಚಿಕೊಳ್ಳುತ್ತದೆ. ನಡುವಿನ ನೆಲ ಬರಿ ಮಣ್ಣು, ತುಳಿದ ಹುಲ್ಲು, ಕಸಕಡ್ಡಿ ಆಗಿದ್ದರೆ ಕೂತು ತೆಗೆಯುವುದೇ ಸರಿ. ಬೇಡದ್ದು ಮಾಯವಾಗಿ ಮುನ್ನೆಲೆ ಮತ್ತು ಬೆಟ್ಟ ಪರಸ್ಪರ ಹತ್ತಿರ ಬರುತ್ತವೆ.

ನಡುವೆ ಇರುವುದು ನೀರು, ತಿರುವುಗಳ ಹಾದಿ ಅಥವಾ ಸಾಲುಸಾಲು ಬಂಡೆಯಾಗಿದ್ದರೆ ಕೂತರೆ ಕೆಟ್ಟಿತು. ಬಂಡೆಗಳು ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುತ್ತವೆ, ಎಸ್ ಆಕಾರದ ತಿರುವು ಚಪ್ಪಟೆಯಾಗಿ ಅಡ್ಡಗೆರೆಯಾಗುತ್ತದೆ. ಆಗ ಎದ್ದು ನಿಲ್ಲಿ, ಬೇಕಿದ್ದರೆ ಕಲ್ಲು ಹತ್ತಿ. ಪ್ರತಿ ಬಂಡೆಯ ತಲೆಗೂ ಅದರ ಹಿಂದಿನ ಬಂಡೆಯ ಬುಡಕ್ಕೂ ನಡುವೆ ನೀರಿನ ಒಂದು ಪಟ್ಟಿ ಕಾಣುವಷ್ಟು ಎತ್ತರ ಸಾಕು. ದಡದ ಮೊನಚು ಕಲ್ಲು ಆಚೆ ದಡದ ಗೆರೆಯನ್ನು ಮುಟ್ಟುವಂತಿದ್ದರೆ ಹತ್ತು ಸೆಂಟಿಮೀಟರ್ ಏರಿಸಿ ಬಿಡಿಸಿ. ಎರಡು ಆಕಾರಗಳು ಸ್ಪಷ್ಟವಾಗಿ ಒಂದರ ಮೇಲೊಂದು ಬಿದ್ದಿರಬೇಕು, ಇಲ್ಲವೇ ಸ್ಪಷ್ಟವಾಗಿ ಬೇರೆಯಾಗಿರಬೇಕು. ಅಂಚಿಗೆ ಅಂಚು ತಾಗಿಸಿಟ್ಟರೆ ನೋಡುವ ಕಣ್ಣು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಮರದ ತುದಿ ಬೆಟ್ಟದ ಶಿಖರದ ಗೆರೆಗೆ ತಾಗುವುದು, ಮನುಷ್ಯನ ತಲೆಯನ್ನು ದಿಗಂತ ಅಡ್ಡಲಾಗಿ ಕತ್ತರಿಸುವುದು, ಎರಡು ಕಾಂಡಗಳು ಒಂದರಲ್ಲೊಂದು ಬೆರೆಯುವುದು ಇವೆಲ್ಲ ಅದೇ ತಪ್ಪಿನ ರೂಪಗಳು. ಸರಿಪಡಿಸಲು ಒಂದು ಹೆಜ್ಜೆ ಅಥವಾ ಒಂದು ಗೇಣು ಸಾಕಾಗುತ್ತದೆ.

ಆದ್ದರಿಂದ ಎತ್ತರ ತೀರ್ಮಾನಿಸುವಾಗ ಕ್ಯಾಮೆರಾ ಕೈಯಲ್ಲೇ ಇರಲಿ. ಮಂಡಿಯಿಂದ ತಲೆಯ ಮೇಲಿನ ತನಕ ನಿಧಾನವಾಗಿ ಎತ್ತುತ್ತಾ ಪರದೆ ನೋಡಿ. ಆಕಾರಗಳು ಬಿಡಿಬಿಡಿಯಾಗುವ ಕ್ಷಣ ತಾನೇ ಗೊತ್ತಾಗುತ್ತದೆ. ಟ್ರೈಪಾಡನ್ನು ಆ ಜಾಗಕ್ಕೆ, ಆ ಎತ್ತರಕ್ಕೆ ತನ್ನಿ.

ಮುನ್ನೆಲೆ ಎಂಬ ಬಾಗಿಲು

16ರಿಂದ 20 ಮಿ.ಮೀ. ಲೆನ್ಸ್, 40–60 ಸೆಂ.ಮೀ. ಎತ್ತರ, ಮುಂದಿನ ವಸ್ತು 60 ಸೆಂ.ಮೀ.ನಿಂದ 1 ಮೀಟರ್ ದೂರ: ಮುನ್ನೆಲೆಗೆ ಒತ್ತುಕೊಡುವ ಚಿತ್ರಕ್ಕೆ ಈ ಅಳತೆಯಿಂದ ಶುರುಮಾಡಿ. ಆದರೆ ಎದುರಿಗೆ ಸಿಕ್ಕ ಕಲ್ಲೆಲ್ಲ ಮುನ್ನೆಲೆಯಲ್ಲ. ಹಿಂದಿನ ನೋಟದೊಂದಿಗೆ ಅದಕ್ಕೆ ನಂಟಿರಬೇಕು. ತ್ರಿಕೋನದ ಶಿಖರಕ್ಕೆ ತ್ರಿಕೋನದ ಬಂಡೆ, ಬಾಗಿದ ಮೋಡಕ್ಕೆ ಬಾಗಿದ ದಡ, ಕೆಂಪು ಆಕಾಶಕ್ಕೆ ಅದರ ಬಣ್ಣ ಹೊತ್ತ ನೀರಿನ ಹೊಂಡ. ನಂಟೇ ಇಲ್ಲದ ಕಲ್ಲನ್ನು ತಂದಿಟ್ಟರೆ ಚಿತ್ರ ಎರಡು ಹೋಳಾಗುತ್ತದೆ. ಮೇಲರ್ಧವನ್ನು ಬೆರಳಿನಿಂದ ಮುಚ್ಚಿ ನೋಡಿ. ಕೆಳಗಿನ ಭಾಗ ತಾನಾಗಿಯೇ ನೋಡುವಂತಿದೆಯೇ? ಇಲ್ಲವೆಂದಾದರೆ ಅಲ್ಲಿ ಮುನ್ನೆಲೆ ಸಿಕ್ಕಿಲ್ಲ, ಬರಿ ಕೆಳಭಾಗವಿದೆ.

ವಸ್ತುವಿನ ಬುಡ ಫ್ರೇಮಿನ ಕೆಳ ಅಂಚಿನಿಂದ ಕತ್ತರಿಸದಂತೆ ಸ್ವಲ್ಪ ನೆಲ ಬಿಡಿ. ಬಿಡಲು ಆಗದಿದ್ದರೆ ಅರೆಬರೆಯಾಗಿ ಕತ್ತರಿಸದೆ ಧೈರ್ಯವಾಗಿ ಅರ್ಧಕ್ಕೇ ಕತ್ತರಿಸಿ. ಹೂವು, ಹುಲ್ಲು ಮುನ್ನೆಲೆಯಲ್ಲಿದ್ದರೆ ಗಾಳಿಯ ಮೇಲೆ ಗಮನವಿರಲಿ. ಸಣ್ಣ ಗಾಳಿಗೂ 1/125 ಸೆಕೆಂಡಿಗಿಂತ ನಿಧಾನದ ಶಟರಿನಲ್ಲಿ ಅವು ಅಲುಗಿ ಮಸುಕಾಗುತ್ತವೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಏರಿಸಲು ಹಿಂಜರಿಯಬೇಡಿ, ಅಥವಾ ಮುನ್ನೆಲೆಗೆಂದೇ ವೇಗದ ಇನ್ನೊಂದು ಫ್ರೇಮ್ ತೆಗೆದು ಆಮೇಲೆ ಸೇರಿಸಿ. ಸಮುದ್ರದ ದಡದಲ್ಲಿ ಮುನ್ನೆಲೆ ನೀವೇ ತಯಾರಿಸಿಕೊಳ್ಳಬಹುದು. ಅಲೆ ಮುಂದೆ ಬರುವಾಗ ಬಿಟ್ಟು, ಹಿಂದೆ ಸರಿಯಲು ಶುರುವಾದಾಗ ಅರ್ಧದಿಂದ 1 ಸೆಕೆಂಡ್ ಶಟರ್ ಕೊಟ್ಟರೆ ನೊರೆಯ ಗೆರೆಗಳು ಕಡಲಿನತ್ತ ಎಳೆದಂತೆ ಬರುತ್ತವೆ. 30 ಸೆಕೆಂಡ್ ಕೊಟ್ಟರೆ ಆ ಗೆರೆಗಳೆಲ್ಲ ಅಳಿಸಿ ಹಾಲು ಚೆಲ್ಲಿದಂತಾಗುತ್ತದೆ. ಅದೂ ಒಂದು ಬಗೆಯ ಚೆಲುವೇ, ಆದರೆ ಕಣ್ಣಿಗೆ ದಾರಿ ತೋರುವ ಗೆರೆ ಅಲ್ಲಿ ಉಳಿಯುವುದಿಲ್ಲ.

ಗೆರೆಗಳು, ದಿಗಂತ

ಹಾದಿ, ಬೇಲಿ, ತೊರೆ, ಬಂಡೆಯ ಬಿರುಕು, ಉದ್ದ ನೆರಳು ಇವೆಲ್ಲ ಕಣ್ಣನ್ನು ಕರೆದೊಯ್ಯುತ್ತವೆ. ಎಲ್ಲಿಗೆ ಎಂಬುದೇ ಮುಖ್ಯ. ಗೆರೆಯ ಕೊನೆಯಲ್ಲಿ ಏನೂ ಇಲ್ಲದಿದ್ದರೆ ನೋಡುಗ ಊಟವಿಲ್ಲದ ಮನೆಗೆ ಬಂದ ನೆಂಟನಂತಾಗುತ್ತಾನೆ. ಗೆರೆ ಬಲ ಅಂಚಿನಿಂದ ಆಚೆ ಹೋಗಿಬಿಟ್ಟರೆ ಅವನೂ ಅದರ ಜೊತೆಗೇ ಹೊರಟುಹೋಗುತ್ತಾನೆ. ಕರಾರುವಾಕ್ಕಾಗಿ ಮೂಲೆಯಿಂದಲೇ ಹೊರಡುವ ಗೆರೆ ಕೃತಕವಾಗಿ ಕಾಣುತ್ತದೆ. ಮೂಲೆಯಿಂದ ಕೊಂಚ ಪಕ್ಕಕ್ಕೆ, ಕೆಳ ಅಂಚಿನಿಂದ ಒಳಬರಲಿ.

ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಆ ಗೆರೆಗಳ ಮೇಲೆ ವಸ್ತುಗಳನ್ನು ಇಡುವ ಮೂರನೇ ಒಂದರ ನಿಯಮದ ಬಗ್ಗೆ ಬೇಕಾದಷ್ಟು ಬರೆದಾಗಿದೆ. 1797ರಲ್ಲಿ ಇಂಗ್ಲೆಂಡಿನ ಕಲಾವಿದ ಜಾನ್ ಥಾಮಸ್ ಸ್ಮಿತ್ ಈ ಹೆಸರು ಕೊಟ್ಟು ಬರೆದಾಗ ಅವರ ಗಮನ ಇದ್ದದ್ದು ವರ್ಣಚಿತ್ರಗಳ ಮೇಲೆ. ಅವರು ಹೇಳಿದ್ದು ಪಾಲಿನ ಮಾತು: ನೆಲ ಒಂದು ಪಾಲಾದರೆ ಆಕಾಶ ಎರಡು ಪಾಲು, ಹಾಗೆಯೇ ಬೆಳಕು ಮತ್ತು ನೆರಳು. ಅದನ್ನು ‘ಸಮಪಾಲು ಮಾಡಬೇಡಿ, ಯಾವುದು ಮುಖ್ಯವೋ ಅದಕ್ಕೆ ಹೆಚ್ಚು ಕೊಡಿ’ ಎಂದು ಓದಿಕೊಂಡರೆ ಉಪಯೋಗವಿದೆ. ಗೆರೆಗಳು ಕೂಡುವ ನಾಲ್ಕು ಬಿಂದುಗಳಲ್ಲಿ ಎಲ್ಲವನ್ನೂ ಮೊಳೆ ಹೊಡೆದಂತೆ ಕೂರಿಸುವುದು ಬೇಡ. ಮೋಡವಿಲ್ಲದ ಆಕಾಶಕ್ಕೆ ಹತ್ತರಲ್ಲಿ ಒಂದು ಪಾಲೂ ಹೆಚ್ಚು, ಪೂರ್ತಿ ಬಿಟ್ಟರೂ ನಷ್ಟವಿಲ್ಲ. ಅಲುಗದ ಕೆರೆಯಲ್ಲಿ ಬೆಟ್ಟದ ಬಿಂಬ ಬಿದ್ದಿದ್ದರೆ ದಿಗಂತವನ್ನು ನಟ್ಟ ನಡುವೆಯೇ ಇಡಿ. ಆ ಸಮತೋಲವೇ ಅಲ್ಲಿನ ವಿಷಯ.

ದಿಗಂತ ಒಂದು ಡಿಗ್ರಿ ವಾಲಿದರೂ ನೀರಿರುವ ಚಿತ್ರದಲ್ಲಿ ಎದ್ದು ಕಾಣುತ್ತದೆ. ಕ್ಯಾಮೆರಾದ ಎಲೆಕ್ಟ್ರಾನಿಕ್ ಲೆವೆಲ್ ಸದಾ ಚಾಲೂ ಇರಲಿ. ಕಾಡಿನಲ್ಲಿ ಅದರ ಹಿಂದೆ ಮುಂದೆ ಬಾಗುವ ಗೆರೆಯನ್ನೂ ನೋಡಿ. ವೈಡ್ ಲೆನ್ಸನ್ನು ಮೇಲಕ್ಕೆತ್ತಿದರೆ ಕಾಂಡಗಳು ಒಳಕ್ಕೆ ವಾಲುತ್ತವೆ. ಮಟ್ಟವಾಗಿ ಹಿಡಿದು, ಕೆಳಗೆ ಬಂದ ಹೆಚ್ಚುವರಿ ನೆಲವನ್ನು ಆಮೇಲೆ ಕತ್ತರಿಸುವುದು ಸುಲಭದ ಪರಿಹಾರ.

ಅಂಚುಗಳ ಗಸ್ತು

ಶಟರ್ ಒತ್ತುವ ಮುನ್ನ ಮುಖ್ಯ ವಸ್ತುವಿನ ಮೇಲಿಂದ ಕಣ್ಣು ಕಿತ್ತು ನಾಲ್ಕು ಅಂಚುಗಳ ಸುತ್ತ ಒಂದು ಸುತ್ತು ಹಾಕಿ. ಅರ್ಧ ಇಣುಕುವ ಕೊಂಬೆ, ಮೂಲೆಯಲ್ಲಿ ಹೊಳೆಯುವ ಬಿಳಿ ಆಕಾಶದ ತುಣುಕು, ಟ್ರೈಪಾಡಿನ ಕಾಲು, ನಿಮ್ಮದೇ ನೆರಳು. ಕಣ್ಣು ಮೊದಲು ಓಡುವುದು ಅತಿ ಬೆಳಕಿನ ಕಡೆಗೆ, ಆಮೇಲೆ ಕೆಂಪು ಹಳದಿಯಂಥ ಬಿಸಿ ಬಣ್ಣಗಳ ಕಡೆಗೆ, ಮನುಷ್ಯರ ಆಕಾರ ಮತ್ತು ಅಕ್ಷರಗಳ ಕಡೆಗೆ. ಇವು ಅಂಚಿನಲ್ಲಿದ್ದರೆ ಮುಖ್ಯ ವಸ್ತುವನ್ನು ಗೆದ್ದುಬಿಡುತ್ತವೆ. ಕಣ್ಣು ಅರೆಮುಚ್ಚಿ ಪರದೆ ನೋಡಿದರೆ ವಿವರಗಳು ಕರಗಿ ಬೆಳಕು ಕತ್ತಲೆಯ ತೂಕ ಮಾತ್ರ ಕಾಣುತ್ತದೆ. ರಾ ಫೈಲ್ (ಸೆನ್ಸರ್ ಹಿಡಿದ ಮೂಲ ಮಾಹಿತಿ) ಉಳಿಸುತ್ತಿರುವವರು ಪರದೆಯ ನೋಟವನ್ನು ಕಪ್ಪುಬಿಳುಪಿಗೆ ಬದಲಿಸಿಟ್ಟುಕೊಂಡರೂ ಇದೇ ಕೆಲಸವಾಗುತ್ತದೆ, ಬಣ್ಣವೆಲ್ಲ ಫೈಲಿನಲ್ಲಿ ಭದ್ರವಾಗಿರುತ್ತದೆ.

ಬೆಳಕು ಬಂದು ಬದಲಿಸುವುದು

ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ನೆರಳುಗಳೆಲ್ಲ ವಸ್ತುಗಳ ಹಿಂದೆ ಅಡಗಿ ಚಿತ್ರ ಚಪ್ಪಟೆಯಾಗುತ್ತದೆ. ಪಕ್ಕದಿಂದ ಬಂದರೆ ಪ್ರತಿ ಉಬ್ಬಿಗೂ ಒಂದು ನೆರಳು ಹುಟ್ಟಿ ನೆಲದ ಮೈಕಟ್ಟು ತಿಳಿಯುತ್ತದೆ. ಎದುರಿನಿಂದ ಬಂದರೆ ಮಂಜು, ಎಲೆ, ಹುಲ್ಲಿನ ತುದಿ ಹೊಳೆಯುತ್ತವೆ, ಬೆಟ್ಟಗಳು ಪದರಪದರವಾಗಿ ದೂರ ಹೋದಂತೆ ತಿಳಿಯಾಗುತ್ತವೆ. ಅಂಥ ಪದರಗಳಿಗೆ 100ರಿಂದ 200 ಮಿ.ಮೀ. ಲೆನ್ಸ್ ಒಳ್ಳೆಯದು. ಮೂರರಿಂದ ಐದು ಪದರ ಸಾಕು, ಹೆಚ್ಚಾದರೆ ಪಟ್ಟೆ ಬಟ್ಟೆಯಾಗುತ್ತದೆ.

ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಎತ್ತರದವರೆಗೆ ಇರುವ ಹೊತ್ತನ್ನು ಚಿನ್ನದ ಬೆಳಕಿನ ಹೊತ್ತು ಎನ್ನುವುದು ರೂಢಿ. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಭೂಮಧ್ಯರೇಖೆಯ ಹತ್ತಿರ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಈ ‘ಗಂಟೆ’ 25 ನಿಮಿಷದಲ್ಲಿ ಮುಗಿಯುತ್ತದೆ. ಧ್ರುವಗಳತ್ತ ಹೋದಂತೆ ಓರೆಯಾಗಿ ಇಳಿಯುವುದರಿಂದ ಗಂಟೆಗೂ ಮೀರಿ ಉಳಿಯುತ್ತದೆ. ಯಾವುದೇ ಊರಾದರೂ ಬೆಳಕು ಬಂದ ಮೇಲೆ ಜಾಗ ಹುಡುಕಿದರೆ ತಡವಾಯಿತು. ಕೈಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಂದರೆ ಸೂರ್ಯನ ನಲವತ್ತು ನಿಮಿಷದ ದಾರಿ. ಸೂರ್ಯ ಬೆಟ್ಟದ ಹಿಂದೆ ಯಾವಾಗ ಮರೆಯಾಗುತ್ತಾನೆ ಎಂಬುದನ್ನು ಇದರಿಂದಲೇ ಅಂದಾಜಿಸಬಹುದು.

ಹೊಳಪು ಇಳಿಸುವ ಫಿಲ್ಟರಾದ ಪೋಲರೈಸರ್ ಹಾಕಿದ್ದರೆ ಒಂದು ಎಚ್ಚರಿಕೆ. ಅದರ ಪರಿಣಾಮ ಸೂರ್ಯನಿಂದ 90 ಡಿಗ್ರಿ ಪಕ್ಕದ ಆಕಾಶದಲ್ಲಿ ಅತಿ ಹೆಚ್ಚು, ಉಳಿದೆಡೆ ಕಡಿಮೆ. 24 ಮಿ.ಮೀ. ಗಿಂತ ಅಗಲದ ಲೆನ್ಸಿನಲ್ಲಿ ಆಕಾಶದ ಒಂದು ಕಡೆ ಕಡುನೀಲಿ ಮಚ್ಚೆ ಬೀಳುತ್ತದೆ, ಅದನ್ನು ತಿದ್ದುವುದು ದೊಡ್ಡ ತಲೆನೋವು. ಒದ್ದೆ ಬಂಡೆ, ಎಲೆಗಳ ಹೊಳಪು ಇಳಿಸಲು ಮಾತ್ರ ಅದಕ್ಕೆ ಸಾಟಿಯಿಲ್ಲ. ಬಿಂಬದ ಚಿತ್ರದಲ್ಲಿ ತಪ್ಪು ಕಡೆ ತಿರುಗಿಸಿದರೆ ಬಿಂಬವನ್ನೇ ಅಳಿಸಿಹಾಕುತ್ತದೆ.

ಫೋಕಸ್ ಎಲ್ಲಿ

ಮುನ್ನೆಲೆಯಿಂದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಬೇಕೆಂದು ಬೆಟ್ಟಕ್ಕೇ ಫೋಕಸ್ ಮಾಡಿದರೆ ಹತ್ತಿರದ ಕಲ್ಲು ಮಸುಕಾಗುತ್ತದೆ. ಸರಳ ಉಪಾಯ: ಫ್ರೇಮಿನಲ್ಲಿ ಅತಿ ಹತ್ತಿರದ ವಸ್ತು ಎಷ್ಟು ದೂರವಿದೆಯೋ ಅದರ ಎರಡರಷ್ಟು ದೂರಕ್ಕೆ ಫೋಕಸ್ ಮಾಡಿ, ಎಫ್/11 ಇಡಿ (ಇದು ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು). ಫುಲ್ ಫ್ರೇಮಿನಲ್ಲಿ ಎಫ್/11ಕ್ಕೆ 16 ಮಿ.ಮೀ. ಲೆನ್ಸನ್ನು ಸುಮಾರು 0.8 ಮೀಟರಿಗೆ ಫೋಕಸ್ ಮಾಡಿದರೆ 40 ಸೆಂ.ಮೀ.ನಿಂದ ಅನಂತದವರೆಗೆ ಸ್ಪಷ್ಟ. 24 ಮಿ.ಮೀ. ಲೆನ್ಸಾದರೆ 1.8 ಮೀಟರಿಗೆ ಫೋಕಸ್, 90 ಸೆಂ.ಮೀ.ನಿಂದ ಸ್ಪಷ್ಟ. 35 ಆದರೆ 3.8 ಮೀಟರಿಗೆ, ಸುಮಾರು 1.9 ಮೀಟರಿನಿಂದ. ದೊಡ್ಡ ಪ್ರಿಂಟ್ ಹಾಕುವವರು ಈ ದೂರಕ್ಕಿಂತ ಸ್ವಲ್ಪ ಆಚೆಗೆ ಫೋಕಸ್ ಇಡಲಿ, ಏಕೆಂದರೆ ಈ ಲೆಕ್ಕದಲ್ಲಿ ಅನಂತದ ಸ್ಪಷ್ಟತೆ ಕನಿಷ್ಠ ಮಟ್ಟದ್ದು. ಎಫ್/22ರವರೆಗೆ ಮುಚ್ಚಿದರೆ ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದರ ಬದಲು ಎಫ್/8ರಲ್ಲಿ ಹತ್ತಿರದಿಂದ ದೂರಕ್ಕೆ ಫೋಕಸ್ ಬದಲಿಸುತ್ತಾ ಮೂರರಿಂದ ಐದು ಫ್ರೇಮ್ ತೆಗೆದು ಸೇರಿಸುವುದು ವಾಸಿ. ಫೋನಿನವರಿಗೆ ಈ ಗೋಳು ಕಡಿಮೆ: ಸೆನ್ಸರ್ ಚಿಕ್ಕದಾದ್ದರಿಂದ ಬಹುತೇಕ ಎಲ್ಲವೂ ಸ್ಪಷ್ಟವಾಗಿಯೇ ಬರುತ್ತದೆ.

ಫ್ರೇಮಿನ ಆಕಾರ

3:2 ಆಕಾರವನ್ನು ನಿಲ್ಲಿಸಿ ಹಿಡಿದರೆ ನಿಸರ್ಗ ಚಿತ್ರಕ್ಕೆ ತೀರಾ ಉದ್ದವಾಗಿ ತೋರುವುದುಂಟು, ಮೇಲೆ ಆಕಾಶ ಬೇಡವೆಂದರೂ ತುಂಬಿಕೊಳ್ಳುತ್ತದೆ. 4:5ಕ್ಕೆ ಕತ್ತರಿಸಿದರೆ ಉದ್ದದಲ್ಲಿ ಆರನೇ ಒಂದು ಭಾಗ ಹೋಗಿ ಗಟ್ಟಿಯಾಗುತ್ತದೆ. ಅಡ್ಡಲಾಗಿ 16:9 ಮಾಡಿದರೆ ಎತ್ತರದಲ್ಲಿ ಸುಮಾರು 16 ಶೇಕಡಾ ಹೋಗುತ್ತದೆ. ಕತ್ತರಿಸುವುದಾದರೆ ಕ್ಯಾಮೆರಾದ ಮೆನುವಿನಲ್ಲಿ ಆ ಆಕಾರವನ್ನು ಮೊದಲೇ ಆಯ್ದುಕೊಂಡು ನೋಡುತ್ತಾ ತೆಗೆಯಿರಿ. ಮನೆಗೆ ಬಂದು ‘ಹೇಗೂ ಕತ್ತರಿಸಬಹುದು’ ಎಂದುಕೊಂಡು ಸಡಿಲವಾಗಿ ತೆಗೆದ ಫೋಟೊ ಕತ್ತರಿಸಿದ ಮೇಲೂ ಸಡಿಲವಾಗಿಯೇ ಇರುತ್ತದೆ, ಏಕೆಂದರೆ ನಿಂತ ಜಾಗ ತಪ್ಪಾಗಿರುತ್ತದೆ.

ಅಲ್ಲಿಯೇ ನಿಂತು ತಿದ್ದುವುದು

ಮೊದಲ ಫ್ರೇಮ್ ಕರಡು ಎಂದುಕೊಳ್ಳಿ. ಪರದೆಯಲ್ಲಿ ಅದನ್ನು ತಲೆಕೆಳಗು ಮಾಡಿ ನೋಡಿ. ಬೆಟ್ಟ ಬೆಟ್ಟವಾಗಿ ಕಾಣದೆ ಬರಿ ಆಕಾರವಾದಾಗ ಯಾವ ಕಡೆ ಭಾರ ಹೆಚ್ಚಾಯಿತು, ಎಲ್ಲಿ ತೂತು ಬಿದ್ದಿದೆ ಎಂಬುದು ಬೇಗ ತಿಳಿಯುತ್ತದೆ. ಕಣ್ಣು ಎರಡು ವಸ್ತುಗಳ ನಡುವೆ ಪಿಂಗ್‌ಪಾಂಗ್ ಆಡುತ್ತಿದ್ದರೆ ಒಂದನ್ನು ಬಿಡಿ. ಎಲ್ಲಿಯೂ ನಿಲ್ಲುತ್ತಿಲ್ಲವಾದರೆ ಹತ್ತಿರ ಹೋಗಿ, ಇಲ್ಲವೇ ಉದ್ದ ಲೆನ್ಸ್ ಹಾಕಿ. ದೂರದಲ್ಲಿ ನಡೆಯುವ ಮನುಷ್ಯನನ್ನು ಅಳತೆಗಾಗಿ ಸೇರಿಸುವುದಾದರೆ ಅವನ ಸುತ್ತ ಒಂದೇ ಬಣ್ಣದ ಹಿನ್ನೆಲೆ ಇರಲಿ, ಎರಡು ಕಾಲುಗಳ ನಡುವೆ ಬೆಳಕು ಕಾಣುವ ಹೆಜ್ಜೆಯಲ್ಲಿ ಒತ್ತಿ.

ಆಮೇಲೆ ಒಂದೇ ಬದಲಾವಣೆ ಮಾಡಿ ಇನ್ನೊಂದು ಫ್ರೇಮ್: ಅರ್ಧ ಹೆಜ್ಜೆ ಎಡಕ್ಕೆ, ಅಥವಾ ಒಂದು ಗೇಣು ಕೆಳಕ್ಕೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಚಿತ್ರ ಸುಧಾರಿಸಿತು ಎಂಬುದು ಗೊತ್ತಾಗುವುದಿಲ್ಲ. ಅಭ್ಯಾಸಕ್ಕೆ ಒಂದು ದಿನ ಒಂದೇ ಫೋಕಲ್ ಲೆಂತ್, ಬೇಕಿದ್ದರೆ ಝೂಮ್ ಉಂಗುರಕ್ಕೆ ಟೇಪ್ ಅಂಟಿಸಿ. ಒಂದೇ ಮರ, ಒಂದು ಗಂಟೆ, ಇಪ್ಪತ್ತು ಫ್ರೇಮ್, ಯಾವ ಎರಡೂ ಒಂದೇ ಜಾಗದಿಂದ ಅಲ್ಲ. ಹತ್ತನೆಯದರ ಹೊತ್ತಿಗೆ ಹೊಳೆದದ್ದೆಲ್ಲ ಮುಗಿದುಹೋಗಿರುತ್ತದೆ. ಹನ್ನೊಂದರಿಂದ ಇಪ್ಪತ್ತರವರೆಗಿನವನ್ನು ಬೇರೆ ಫೋಲ್ಡರಿನಲ್ಲಿಟ್ಟು ಒಂದು ವಾರ ಬಿಟ್ಟು ನೋಡಿ.